ದೂರದ ದ್ವೀಪದಲ್ಲಿ ಮಧುಚಂದ್ರ: ಪಂಚಾಂಗ ನೋಡಿ ಸಮುದ್ರ ಆರಿಸುವ ಬಗೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮದುವೆಯ ದಿನವನ್ನು ಗೊತ್ತುಮಾಡುವವರು ಪಂಚಾಂಗ ನೋಡುವ ಅಯ್ಯನವರು ಮತ್ತು ಕಲ್ಯಾಣಮಂಟಪದ ಮ್ಯಾನೇಜರು. ಅವರಿಬ್ಬರೂ ಬಿಟ್ಟುಕೊಟ್ಟ ದಿನಗಳಷ್ಟೇ ಮಧುಚಂದ್ರಕ್ಕೆ ಉಳಿಯುತ್ತವೆ. ಹೀಗಿರುವಾಗ ಮೊಬೈಲಿನಲ್ಲಿ ನೀರಿನ ಮೇಲಿನ ಕೋಣೆಯ ಚಿತ್ರ ಕಂಡು, ಮುಂಗಡ ಕಟ್ಟಿ, ಆಮೇಲೆ ಅಲ್ಲಿ ಮಳೆಗಾಲ ಯಾವಾಗ ಎಂದು ವಿಚಾರಿಸುವುದು ತಲೆಕೆಳಗಾದ ಕ್ರಮ. ಮೊದಲು ತಿಂಗಳು, ನಂತರ ಆ ತಿಂಗಳಿಗೆ ಒಪ್ಪುವ ದ್ವೀಪ, ಅದಾದ ಮೇಲೆ ವಿಮಾನ ನಿಲ್ದಾಣದಿಂದ ದ್ವೀಪ ಮುಟ್ಟುವ ದಾರಿ, ಎಲ್ಲಕ್ಕಿಂತ ಕೊನೆಗೆ ಕೋಣೆ. ಈ ಅನುಕ್ರಮವನ್ನು ಪಾಲಿಸಿದವರು ಕಡಿಮೆ ಹಣದಲ್ಲಿ ಒಳ್ಳೆಯ ದ್ವೀಪವನ್ನು ನೋಡಿ ಬರುತ್ತಾರೆ ಎಂಬುದು ನನ್ನ ಅಭಿಪ್ರಾಯ, ಮತ್ತು ಈ ಬರಹ ಅದೇ ಅನುಕ್ರಮದಲ್ಲಿ ಸಾಗುತ್ತದೆ.

ಯಾವ ತಿಂಗಳಿಗೆ ಯಾವ ದ್ವೀಪ

ಮಾಘ, ಫಾಲ್ಗುಣದಲ್ಲಿ, ಅಂದರೆ ಫೆಬ್ರವರಿ ಮತ್ತು ಮಾರ್ಚ್ ಸುಮಾರಿಗೆ ಮದುವೆಯಾಗುವವರು ಅದೃಷ್ಟವಂತರು. ಮಾಲ್ಡೀವ್ಸ್, ಲಕ್ಷದ್ವೀಪ, ಅಂಡಮಾನ್ ಮೂರೂ ಕಡೆ ಆಗ ಸಮುದ್ರ ಶಾಂತವಾಗಿ, ನೀರು ತಿಳಿಯಾಗಿ ಇರುತ್ತದೆ. ಮಾಲ್ಡೀವ್ಸ್‌ನಲ್ಲಿ ವರ್ಷವನ್ನು ಎರಡು ಮಾರುತಗಳು ಹಂಚಿಕೊಂಡಿವೆ: ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಈಶಾನ್ಯದ ಒಣ ಗಾಳಿ, ಮೇ ತಿಂಗಳಿಂದ ಅಕ್ಟೋಬರಿನವರೆಗೆ ನೈಋತ್ಯದ ಮಳೆಗಾಳಿ. ನಮ್ಮ ತುಂಗಭದ್ರಾ ಜಲಾಶಯಕ್ಕೆ ನೀರು ತುಂಬಿಸುವ ಮುಂಗಾರೇ ಅಲ್ಲಿ ದೋಣಿಗಳನ್ನು ಅಲ್ಲಾಡಿಸುವ ಗಾಳಿ.

ತೊಡಕು ಬರುವುದು ವೈಶಾಖ ಮತ್ತು ಜ್ಯೇಷ್ಠದ ಮದುವೆಗಳಿಗೆ, ಏಕೆಂದರೆ ನಮ್ಮಲ್ಲಿ ಲಗ್ನಗಳ ದಟ್ಟಣೆ ಇರುವುದೂ ಆಗಲೇ. ಮೇ ಮೂರನೆಯ ವಾರದಲ್ಲಿ ಮದುವೆ, ಆಮೇಲೆ ಬೀಗರ ಊಟ, ಸತ್ಯನಾರಾಯಣ ಪೂಜೆ, ಹುಲಿಗಿಗೋ ಮೈಲಾರಕ್ಕೋ ಕೊಟ್ಟೂರಿಗೋ ಹೋಗಿ ಮನೆದೇವರ ದರ್ಶನ, ಇಷ್ಟೆಲ್ಲ ಮುಗಿಸಿ ಹೊರಡುವಷ್ಟರಲ್ಲಿ ಜೂನ್ ಬಂದಿರುತ್ತದೆ; ಅದರ ಹಿಂದೆಯೇ ಆಷಾಢ ಬಂದು ಮದುಮಗಳು ತವರಿಗೆ ಹೋಗುವ ದಿನ ಹತ್ತಿರವಾಗುತ್ತದೆ. ಈ ಇಕ್ಕಟ್ಟಿನ ಕೆಲವೇ ವಾರಗಳಲ್ಲಿ ಅಂಡಮಾನಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಹೋಗುವ ದೋಣಿಗಳು ಗಾಳಿಯ ಕಾರಣಕ್ಕೆ ರದ್ದಾಗುವ ಸಂಭವವಿದೆ, ಲಕ್ಷದ್ವೀಪದ ಪ್ರವಾಸಿ ಹಡಗುಗಳು ಮಳೆಗಾಲಕ್ಕೆ ನಿಂತಿರುತ್ತವೆ. ಹೀಗೆ ಜೂನ್‌ನಲ್ಲಿ ಹೊರಡುವವರಿಗೆ ನಾನು ಹೇಳುವುದು ಮಾರಿಷಸ್. ಅದು ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ನಮ್ಮ ಮಳೆಗಾಲ ಅದರ ಚಳಿಗಾಲ. ಹವೆ ಒಣಗಿ ಹಿತವಾಗಿರುತ್ತದೆ. ಆದರೆ ಆಗ್ನೇಯದಿಂದ ಬೀಸುವ ಗಾಳಿ ಪೂರ್ವ ಹಾಗೂ ದಕ್ಷಿಣದ ದಡಕ್ಕೆ ನೇರವಾಗಿ ಬಡಿಯುವುದರಿಂದ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಉತ್ತರ ಅಥವಾ ಪಶ್ಚಿಮ ದಡದ ಹೋಟೆಲನ್ನೇ ಹಿಡಿಯಬೇಕು. ಜನವರಿಯಿಂದ ಮಾರ್ಚ್‌ವರೆಗೆ ಮಾತ್ರ ಅಲ್ಲಿ ಚಂಡಮಾರುತದ ಕಾಲ. ಮಾಘದ ಮದುವೆಯವರು ಆ ಕಡೆ ತಿರುಗುವುದು ಬೇಡ.

ಸೀಶೆಲ್ಸ್ ಇದಕ್ಕಿಂತ ಸೂಕ್ಷ್ಮ. 115 ದ್ವೀಪಗಳ ಆ ದೇಶದಲ್ಲಿ ಪ್ರವಾಸಿಗರು ಹೆಚ್ಚಾಗಿ ತಂಗುವುದು ಮಾಹೆ, ಪ್ರಾಲೆ, ಲಾ ಡೀಗ್ ಎಂಬ ಮೂರರಲ್ಲಿ. ಗಾಳಿ ದಿಕ್ಕು ಬದಲಿಸುವ ಏಪ್ರಿಲ್ ಮತ್ತು ಅಕ್ಟೋಬರ್ ಆಸುಪಾಸಿನಲ್ಲಿ ಅಲ್ಲಿನ ಸಮುದ್ರ ಕನ್ನಡಿಯಂತಿರುತ್ತದೆ. ಯುಗಾದಿಯ ಬೆನ್ನಿಗೇ ಮದುವೆಯಾದವರಿಗೆ ಇದಕ್ಕಿಂತ ಚೆಲುವಾದ ದ್ವೀಪ ಹಿಂದೂ ಮಹಾಸಾಗರದಲ್ಲಿಲ್ಲ. ಪ್ರಾಲೆಯ ವಾಲೆ ದ ಮೇ ಕಾಡು 1983ರಿಂದ ಯುನೆಸ್ಕೊ ವಿಶ್ವ ಪರಂಪರೆಯ ತಾಣ. ಜಗತ್ತಿನ ಅತಿ ದೊಡ್ಡ ಬೀಜವಾದ ಜೋಡಿ ತೆಂಗಿನಕಾಯಿ ಬೆಳೆಯುವುದು ಅಲ್ಲಿ.

ಕಾರ್ತಿಕ ಮತ್ತು ಮಾರ್ಗಶಿರದ ಮದುವೆಯವರಿಗೆ ನವೆಂಬರ್ ಕೊನೆಯಿಂದ ಅಂಡಮಾನ್, ಡಿಸೆಂಬರಿನ ಮೊದಲ ಎರಡು ವಾರಗಳಲ್ಲಿ ಮಾಲ್ಡೀವ್ಸ್ ಚೆನ್ನಾಗಿ ಹೊಂದುತ್ತವೆ. ದ್ವೀಪಗಳಲ್ಲಿ ಬೆಲೆ ಗಗನಕ್ಕೇರುವುದು ಕ್ರಿಸ್‌ಮಸ್ ಮತ್ತು ಹೊಸವರ್ಷದ ನಡುವೆ; ನಮಗೆ ಅದು ಧನುರ್ಮಾಸವಾದ್ದರಿಂದ ಲಗ್ನಗಳೇ ಇರುವುದಿಲ್ಲ. ಪಂಚಾಂಗ ನಮ್ಮ ಜೇಬನ್ನು ಕಾಯುವ ಅಪರೂಪದ ಸಂದರ್ಭವಿದು. ಶ್ರಾವಣದಲ್ಲಿ ಮದುವೆಯಾಗಿಯೂ ಮಾಲ್ಡೀವ್ಸ್‌ಗೇ ಹೋಗಬೇಕೆಂದು ಹಟವಿದ್ದರೆ ಅದಕ್ಕೂ ಒಂದು ಸಮರ್ಥನೆಯಿದೆ: ದರ ಇಳಿದಿರುತ್ತದೆ, ಮತ್ತು ಬಾ ಅಟಾಲ್ ಎಂಬ ಉಂಗುರಾಕಾರದ ಹವಳದ್ವೀಪಗಳ ಗುಂಪಿನ ಹನಿಫಾರು ಕೊಲ್ಲಿಯಲ್ಲಿ ಮಾಂಟಾ ಎಂಬ ಹಾಸುಮೀನುಗಳು ಗುಂಪುಗೂಡುವುದು ಮಳೆಗಾಳಿಯ ಈ ತಿಂಗಳುಗಳಲ್ಲೇ. 2011ರಲ್ಲಿ ಯುನೆಸ್ಕೊ ಜೀವಗೋಳ ಮೀಸಲಾದ ಈ ಅಟಾಲ್‌ನ ಆ ಕೊಲ್ಲಿಯಲ್ಲಿ ಗಾಳಿಯ ಸಿಲಿಂಡರ್ ಹೊತ್ತು ಆಳಕ್ಕಿಳಿಯುವ ಸ್ಕೂಬಾ ನಿಷಿದ್ಧ. ಕೊಳವೆಯಲ್ಲಿ ಉಸಿರಾಡುತ್ತ ಮೇಲೆ ತೇಲುವ ಸ್ನಾರ್ಕೆಲಿಂಗ್‌ಗೆ ಮಾತ್ರ ಅವಕಾಶ.

ಪಾಸ್‌ಪೋರ್ಟ್ ಇಲ್ಲದವರು, ಪಾಸ್‌ಪೋರ್ಟ್ ಇದ್ದೂ ಹೆಸರು ಬದಲಿಸುವವರು

ಪಾಸ್‌ಪೋರ್ಟ್ ಇಲ್ಲದ ಜೋಡಿಗೆ ಅಂಡಮಾನ್ ಮತ್ತು ಲಕ್ಷದ್ವೀಪ ತೆರೆದಿವೆ. ಅಂಡಮಾನಿನ ರಾಜಧಾನಿ ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪವಾಗಿದೆ, ನೀಲ್ ಶಹೀದ್ ದ್ವೀಪವಾಗಿದೆ. ಟಿಕೆಟ್ ಹುಡುಕುವಾಗ ಹಳೆಯ ಮತ್ತು ಹೊಸ ಹೆಸರು ಎರಡನ್ನೂ ಹಾಕಿ ನೋಡಬೇಕು. ಪ್ರವಾಸಿಗರು ಸಾಮಾನ್ಯವಾಗಿ ಹೋಗುವ ಈ ದ್ವೀಪಗಳಿಗೆ ಭಾರತೀಯರಿಗೆ ಅನುಮತಿಪತ್ರ ಬೇಕಿಲ್ಲ. ಲಕ್ಷದ್ವೀಪಕ್ಕೆ ಮಾತ್ರ ನಮ್ಮ ದೇಶದವರಿಗೂ ಪ್ರವೇಶ ಪರವಾನಗಿ ಕಡ್ಡಾಯ. 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ ಮಾತ್ರ, ತಂಗುವ ಕೋಣೆಗಳೂ ಬಹಳ ಕಡಿಮೆ. ಆದ್ದರಿಂದ ಪರವಾನಗಿ ಮತ್ತು ಕೋಣೆ ಖಚಿತವಾಗದೆ ಕೊಚ್ಚಿಯಿಂದ ಅಗತ್ತಿಗೆ ವಿಮಾನದ ಟಿಕೆಟ್ ತೆಗೆಯಬಾರದು. ಅಮಿನಿ, ಕದಮತ್ ಮೊದಲಾದ ಉತ್ತರದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದನ್ನು ಇಂದು ಅಲ್ಲಿಗೆ ಹೋಗುವ ಕನ್ನಡಿಗರೂ ಮರೆತಿದ್ದಾರೆ.

ವಿದೇಶದ ದ್ವೀಪವಾದರೆ ನಿಶ್ಚಿತಾರ್ಥದ ಮರುದಿನವೇ ಪಾಸ್‌ಪೋರ್ಟ್ ಅರ್ಜಿ ಹಾಕುವುದು ಒಳ್ಳೆಯದು. ಬಳ್ಳಾರಿ ಮತ್ತು ರಾಯಚೂರಿನಲ್ಲಿ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಿರುವುದರಿಂದ ಬೆಂಗಳೂರಿಗೆ ಓಡಾಡಬೇಕಾಗಿಲ್ಲ. 36 ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ ಶುಲ್ಕ 1,500 ರೂಪಾಯಿ. ಕೆಲಸ ನಿಲ್ಲುವುದು ಹೆಚ್ಚಾಗಿ ಪೊಲೀಸ್ ಪರಿಶೀಲನೆಯಲ್ಲಿ: ಠಾಣೆಯಿಂದ ಫೋನ್ ಬಂದ ದಿನ ಮದುಮಗಳು ಸೀರೆ ತರಲು ಇಳಕಲ್ಲಿಗೋ ಧರ್ಮಾವರಕ್ಕೋ ಹೋಗಿರುತ್ತಾಳೆ, ಕಡತ ಮತ್ತೆರಡು ವಾರ ಹಿಂದೆ ಬೀಳುತ್ತದೆ.

ಮದುವೆಯ ನಂತರ ಹೆಂಡತಿಯ ಹೆಸರಿನ ಮುಂದೆ ಗಂಡನ ಹೆಸರು ಮತ್ತು ಆತನ ಮನೆತನದ ಅಡ್ಡಹೆಸರು ಸೇರಿಸುವ ರೂಢಿ ನಮ್ಮಲ್ಲಿ ಬಲವಾಗಿದೆ. ಪ್ರವಾಸ ಮುಗಿಯುವವರೆಗೆ ಅದನ್ನು ಮುಂದೂಡಿ. ಟಿಕೆಟ್, ಹೋಟೆಲ್, ವಿಮೆ ಎಲ್ಲವೂ ಪಾಸ್‌ಪೋರ್ಟಿನಲ್ಲಿ ಮುದ್ರಿತವಾದ ಹೆಸರಿಗೆ ಅಕ್ಷರಶಃ ಹೊಂದಬೇಕು. ಆಧಾರ್‌ನಲ್ಲಿ ಗಂಡನ ಹೆಸರು, ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಟಿಕೆಟಿನಲ್ಲಿ ಬರೀ ಅಡ್ಡಹೆಸರು ಎಂದಾದರೆ ವಿಮಾನ ನಿಲ್ದಾಣದ ಕೌಂಟರಿನಲ್ಲಿ ವಾದಿಸಿ ಗೆಲ್ಲಲಾಗದು.

ಮಾಲ್ಡೀವ್ಸ್‌ನಲ್ಲಿ ಭಾರತೀಯ ಪ್ರವಾಸಿಗರಿಗೆ ಇಳಿದ ಮೇಲೆ ವೀಸಾ ಉಚಿತವಾಗಿ ಸಿಗುತ್ತದೆ. ಆದರೆ ತಲುಪುವ ಮೊದಲಿನ 96 ಗಂಟೆಗಳ ಒಳಗೆ ‘ಇಮುಗಾ’ ಎಂಬ ಸರ್ಕಾರಿ ಜಾಲತಾಣದಲ್ಲಿ ಪ್ರಯಾಣಿಕರ ಘೋಷಣೆ ತುಂಬಬೇಕು. ಹೊರಡುವಾಗಲೂ ಅದೇ ರೀತಿ. ಇದಕ್ಕೆ ಶುಲ್ಕವಿಲ್ಲ, ಹಣ ಕೇಳುವ ತಾಣ ಅಸಲಿಯಲ್ಲ. ಮಾರಿಷಸ್‌ಗೂ ನಮಗೆ ಮುಂಚಿತ ವೀಸಾ ಬೇಕಿಲ್ಲ. ಸೀಶೆಲ್ಸ್‌ಗೆ ವೀಸಾ ಇಲ್ಲದಿದ್ದರೂ ಶುಲ್ಕ ಕಟ್ಟಿ ಮುಂಚಿತವಾಗಿ ಪ್ರಯಾಣ ಅನುಮತಿ ಪಡೆಯಬೇಕು. ಎಲ್ಲಿಗೇ ಹೋಗಲಿ, ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳು ಉಳಿದಿರಲಿ.

ಊರಿನಿಂದ ವಿಮಾನಕ್ಕೆ, ವಿಮಾನದಿಂದ ದ್ವೀಪಕ್ಕೆ

ಬಳ್ಳಾರಿಯವರು ಕಾರಿನಲ್ಲಿ ಹೊರಟರೆ ಅನಂತಪುರದ ದಾರಿ ಹಿಡಿಯುವುದು ಮೇಲು. ಅಲ್ಲಿಂದ ಹೆದ್ದಾರಿ 44ರಲ್ಲಿ ಪೆನುಕೊಂಡ, ಚಿಕ್ಕಬಳ್ಳಾಪುರ ದಾಟಿದರೆ ಬೆಂಗಳೂರು ನಗರವನ್ನು ಹೊಕ್ಕದೆಯೇ ದೇವನಹಳ್ಳಿಯ ವಿಮಾನ ನಿಲ್ದಾಣ ಸಿಗುತ್ತದೆ. ಕೊಪ್ಪಳ, ಹೊಸಪೇಟೆ, ಬಳ್ಳಾರಿಯಿಂದ ರಾತ್ರಿಯ ಹಂಪಿ ಎಕ್ಸ್‌ಪ್ರೆಸ್ ಹತ್ತುವವರು ಅದು ತಡವಾಗಬಹುದೆಂದು ಲೆಕ್ಕ ಹಾಕಿ, ಅದೇ ಬೆಳಗಿನ ವಿಮಾನವನ್ನು ಕಾಯ್ದಿರಿಸದಿರುವುದು ಕ್ಷೇಮ. ರಾಯಚೂರಿನವರಿಗೆ ಬೆಂಗಳೂರು 400 ಕಿಲೋಮೀಟರಿಗೂ ದೂರ, ಮಹಬೂಬ್‌ನಗರದ ಮೇಲೆ ಶಂಷಾಬಾದ್ ಅದರ ಅರ್ಧದಷ್ಟು. ಆದ್ದರಿಂದ ಹೈದರಾಬಾದಿನಿಂದ ಸಿಗುವ ವಿಮಾನಗಳನ್ನು ಮೊದಲು ನೋಡಬೇಕು. ತೋರಣಗಲ್ಲಿನ ವಿದ್ಯಾನಗರ ನಿಲ್ದಾಣದಿಂದ ಹಾರಾಟ ಇರುವ ದಿನಗಳಲ್ಲಿ ಅನುಕೂಲವೇನೋ ಸರಿ, ಆದರೆ ಅದರ ವೇಳಾಪಟ್ಟಿ ಬದಲಾಗುತ್ತಿರುವುದರಿಂದ ವಿದೇಶದ ವಿಮಾನವನ್ನು ಅದಕ್ಕೆ ಜೋಡಿಸುವುದು ಧೈರ್ಯದ ಕೆಲಸ. ಮಾರಿಷಸ್ ಮತ್ತು ಸೀಶೆಲ್ಸ್‌ಗೆ ಮುಂಬೈ ದಾರಿಯೇ ಸಲೀಸು.

ಮಾಲ್ಡೀವ್ಸ್‌ಗೆ ಹೋಗುವವರು ಹೆಚ್ಚು ಎಡವುವುದು ಅದರ ರಾಜಧಾನಿ ಮಾಲೆಯಲ್ಲಿ ಇಳಿದ ಮೇಲೆ. ಸುಮಾರು 1,200 ದ್ವೀಪಗಳ ಈ ದೇಶದಲ್ಲಿ ರೆಸಾರ್ಟ್ ಎಂದರೆ ಬಹುಮಟ್ಟಿಗೆ ಒಂದು ದ್ವೀಪಕ್ಕೆ ಒಂದೇ ಹೋಟೆಲ್. ಅಲ್ಲಿಗೆ ಮುಟ್ಟಲು ಮೂರು ಬಗೆ: ಹತ್ತಿರದ ದ್ವೀಪಗಳಿಗೆ ಸ್ಪೀಡ್‌ಬೋಟ್, ದೂರದವಕ್ಕೆ ನೀರಿನ ಮೇಲಿಳಿಯುವ ಸೀಪ್ಲೇನ್, ಇನ್ನೂ ದೂರದವಕ್ಕೆ ಒಳನಾಡಿನ ವಿಮಾನ ಮತ್ತು ಮತ್ತೊಂದು ದೋಣಿ. ಸೀಪ್ಲೇನ್ ಹಗಲು ಬೆಳಕಿನಲ್ಲಿ ಮಾತ್ರ ಹಾರುತ್ತದೆ. ನಿಮ್ಮ ವಿಮಾನ ಮಾಲೆಗೆ ಮಧ್ಯಾಹ್ನ ಮೂರೂವರೆಯ ನಂತರ ಇಳಿಯುವುದಾದರೆ ಆ ದಿನದ ಸೀಪ್ಲೇನ್ ಸಿಗುವ ಭರವಸೆಯಿಲ್ಲ. ನಿಲ್ದಾಣದ ಪಕ್ಕದ ಹುಲುಮಾಲೆ ದ್ವೀಪದಲ್ಲಿ ಒಂದು ರಾತ್ರಿ ತಂಗಬೇಕು, ಅತ್ತ ರೆಸಾರ್ಟಿನಲ್ಲಿ ಹಣ ಕಟ್ಟಿದ ಕೋಣೆ ಖಾಲಿ ಬಿದ್ದಿರುತ್ತದೆ. ಹೀಗಾಗಿ ಅಗ್ಗದ ಸಂಜೆಯ ವಿಮಾನಕ್ಕಿಂತ ತುಸು ದುಬಾರಿಯ ಬೆಳಗಿನ ವಿಮಾನವೇ ಕೊನೆಗೆ ಅಗ್ಗವಾಗುತ್ತದೆ. ಸೀಪ್ಲೇನ್‌ಗೆ ಹೋಗಿಬರಲು ಒಬ್ಬರಿಗೆ ಸಾಮಾನ್ಯವಾಗಿ 400ರಿಂದ 600 ಡಾಲರ್ ಆಗುವುದರಿಂದ ಇದನ್ನು ಸಣ್ಣ ಖರ್ಚೆಂದು ಬದಿಗಿಡುವಂತಿಲ್ಲ.

ಆ ಪ್ರಯಾಣ ಮಾತ್ರ ಸ್ವಾರಸ್ಯಕರ. ಹದಿನೈದರ ಆಸುಪಾಸು ಜನ ಹಿಡಿಯುವ ಟ್ವಿನ್ ಆಟರ್ ವಿಮಾನ, ಬರಿಗಾಲಿನ ಪೈಲಟ್, ಮಾತು ಕೇಳಿಸದಷ್ಟು ಎಂಜಿನ್ ಸದ್ದು, ಎಸಿ ಇಲ್ಲದ ಸೆಕೆ, ಕೆಳಗೆ ನೀಲಿಯಲ್ಲಿ ತೇಲುವ ಹಸಿರು ಬಿಲ್ಲೆಗಳು. ಹತ್ತುವ ಮೊದಲು ಸಾಮಾನನ್ನು ತೂಗುತ್ತಾರೆ: ಸಾಮಾನ್ಯವಾಗಿ ಒಬ್ಬರಿಗೆ 20 ಕಿಲೋ ದೊಡ್ಡ ಚೀಲ, 5 ಕಿಲೋ ಕೈಚೀಲ, ಅದಕ್ಕೂ ಮೇಲ್ಪಟ್ಟರೆ ಕಿಲೋ ಲೆಕ್ಕದಲ್ಲಿ ಡಾಲರ್. ಬೆಂಗಳೂರಿನಲ್ಲಿ ಹೆಚ್ಚು ತೂಕಕ್ಕೆ ಬಿಟ್ಟರೆಂದು ರೇಷ್ಮೆ ಸೀರೆಗಳ ಸೂಟ್‌ಕೇಸ್ ಒಯ್ದವರು ಇಲ್ಲಿ ದಂಡ ತೆರುತ್ತಾರೆ.

ದರಪಟ್ಟಿಯನ್ನು ಓದುವುದು

ಮಾಲ್ಡೀವ್ಸ್‌ನ ದರದ ಪಕ್ಕದಲ್ಲಿ ಎರಡು ‘ಪ್ಲಸ್’ ಚಿಹ್ನೆಗಳಿದ್ದರೆ ಸೇವಾ ಶುಲ್ಕ ಮತ್ತು ತೆರಿಗೆ ಪ್ರತ್ಯೇಕ ಎಂದರ್ಥ. ರಾತ್ರಿಗೆ 500 ಡಾಲರ್ ಎಂದು ಬರೆದ ಕೋಣೆಗೆ ಶೇ. 10 ಸೇವಾ ಶುಲ್ಕ ಸೇರಿ 550, ಅದರ ಮೇಲೆ ಜುಲೈ 2025ರಿಂದ ಜಾರಿಯಲ್ಲಿರುವ ಶೇ. 17 ಪ್ರವಾಸೋದ್ಯಮ ತೆರಿಗೆ ಸೇರಿ 643.50, ಇಬ್ಬರಿಗೆ ತಲಾ 12 ಡಾಲರ್‌ನಂತೆ ಹಸಿರು ತೆರಿಗೆ ಸೇರಿ 667.50 ಆಗುತ್ತದೆ. ಸ್ಥಳೀಯರು ವಾಸಿಸುವ ದ್ವೀಪದ ಸಣ್ಣ ಅತಿಥಿಗೃಹಗಳಲ್ಲಿ ಹಸಿರು ತೆರಿಗೆ 6 ಡಾಲರ್. ಏಜೆಂಟರು ಕೊಡುವ ಅಂದಾಜಿನಲ್ಲಿ ಕೋಣೆ, ತೆರಿಗೆ, ದೋಣಿ ಅಥವಾ ಸೀಪ್ಲೇನ್, ಊಟ ಇವು ನಾಲ್ಕೂ ಬೇರೆಬೇರೆ ಸಾಲಿನಲ್ಲಿ ಇರಲೇಬೇಕೆಂದು ಪಟ್ಟು ಹಿಡಿಯಿರಿ. ‘ಎಲ್ಲಾ ಸೇರಿ ಇಷ್ಟು’ ಎಂಬ ಒಂದೇ ಅಂಕಿಯನ್ನು ಒಪ್ಪಬೇಡಿ. ಮುಂಗಡ ಕಟ್ಟಿದ ಮೇಲೆ ರೆಸಾರ್ಟಿಗೆ ನೀವೇ ಮೇಲ್ ಬರೆದು, ನಿಮ್ಮ ಹೆಸರಿನಲ್ಲಿ ಕೋಣೆ ಕಾಯ್ದಿರಿಸಲಾಗಿದೆಯೇ ಎಂದು ಕೇಳಿಕೊಳ್ಳಿ.

ಒಂದು ದ್ವೀಪಕ್ಕೆ ಒಂದೇ ಹೋಟೆಲ್ ಆದ್ದರಿಂದ ಹೊರಗೆ ಹೋಗಿ ಚಹಾ ಕುಡಿಯುವ ಅಂಗಡಿಯೂ ಇರುವುದಿಲ್ಲ. ಬೆಳಗಿನ ಉಪಾಹಾರ ಮಾತ್ರ ಸೇರಿದ ಕೋಣೆ ಅಗ್ಗವೆಂದು ಹೋದವರು ಪ್ರತಿ ಊಟಕ್ಕೂ ದ್ವೀಪದ ದರವನ್ನೇ ಕೊಡಬೇಕಾಗುತ್ತದೆ. ಮದ್ಯ ಸೇವಿಸದ ಜೋಡಿಗೆ ಮೂರು ಹೊತ್ತಿನ ಊಟ ಸೇರಿದ ಫುಲ್ ಬೋರ್ಡ್ ಸಾಕು; ಆಲ್ ಇನ್‌ಕ್ಲೂಸಿವ್ ದರದಲ್ಲಿ ದೊಡ್ಡ ಪಾಲು ಬಾರಿನದು, ಕುಡಿಯದವರು ಅದನ್ನು ಸುಮ್ಮನೆ ಕಟ್ಟಿದಂತಾಗುತ್ತದೆ.

ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಏಜೆಂಟರು ಟಿಸಿಎಸ್ ಎಂಬ ತೆರಿಗೆ ಹಿಡಿಯುತ್ತಾರೆ. ಅದರ ದರ ಬಜೆಟ್‌ಗಳಲ್ಲಿ ಬದಲಾಗುತ್ತಿರುತ್ತದೆ, ಹಿಡಿದ ಮೊತ್ತವನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಮಧುಚಂದ್ರದ ಖರ್ಚನ್ನು ಮಾವನವರು ಉಡುಗೊರೆಯಾಗಿ ಭರಿಸುವುದಿದ್ದರೆ ಯಾರ ಪ್ಯಾನ್ ಸಂಖ್ಯೆ ಕೊಡಲಾಗಿದೆ ಎಂದು ನೋಡಬೇಕು. ಜಮೆಯಾಗುವುದು ಅದೇ ಹೆಸರಿಗೆ. ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ಬಳಕೆಯನ್ನು ಚಾಲೂ ಮಾಡಿಕೊಳ್ಳಿ.

ನವದಂಪತಿಗಳಿಗೆ ರೆಸಾರ್ಟುಗಳು ಕೇಕ್, ಹೂವಿನ ಅಲಂಕಾರ, ಒಂದು ರಾತ್ರಿಯ ವಿಶೇಷ ಊಟ ಇತ್ಯಾದಿ ಕೊಡುವುದುಂಟು, ಆದರೆ ಇತ್ತೀಚೆಗಷ್ಟೇ ಮದುವೆಯಾದದ್ದಕ್ಕೆ ದಾಖಲೆ ಕೇಳುತ್ತವೆ. ಕನ್ನಡದ ಲಗ್ನಪತ್ರಿಕೆ ಎಷ್ಟೇ ಅಂದವಾಗಿದ್ದರೂ ಅವರಿಗೆ ಓದಲು ಬರುವುದಿಲ್ಲ. ಉಪನೋಂದಣಿ ಕಚೇರಿಯ ವಿವಾಹ ಪ್ರಮಾಣಪತ್ರವನ್ನು ಹೊರಡುವ ಮುನ್ನವೇ ಮಾಡಿಸಿ, ಕಾಯ್ದಿರಿಸುವಾಗಲೇ ವಿಷಯ ತಿಳಿಸಬೇಕು.

ಕೋಣೆ ಮತ್ತು ಊಟ

ನೀರಿನಲ್ಲಿ ಕಂಬ ನೆಟ್ಟು ಅತಿಥಿಗಳಿಗೆ ಕೋಣೆ ಕಟ್ಟುವ ರೂಢಿ ಆರಂಭವಾದದ್ದು 1967ರಲ್ಲಿ, ಫ್ರೆಂಚ್ ಪಾಲಿನೇಷ್ಯಾದ ರೈಯಾಟಿಯಾ ದ್ವೀಪದಲ್ಲಿ. ಆ ಹೋಟೆಲಿಗೆ ಒಳ್ಳೆಯ ಮರಳ ದಂಡೆ ಇಲ್ಲದ್ದರಿಂದ ಮಾಲೀಕರು ನೀರಿಗಿಳಿದರು. ದಂಡೆ ಚೆನ್ನಾಗಿರುವ ದ್ವೀಪದಲ್ಲಿ ಎಲ್ಲ ರಾತ್ರಿಗಳನ್ನೂ ನೀರಿನ ಮೇಲೆಯೇ ಕಳೆಯಬೇಕಾದ ಅಗತ್ಯವಿಲ್ಲ ಎಂಬುದಕ್ಕೆ ಈ ಇತಿಹಾಸವೇ ಸಾಕ್ಷಿ. ನಾಲ್ಕು ರಾತ್ರಿಯಿದ್ದರೆ ಎರಡು ದಂಡೆಯ ವಿಲ್ಲಾದಲ್ಲಿ, ಎರಡು ನೀರಿನ ವಿಲ್ಲಾದಲ್ಲಿ ಇರುವುದು ನನಗೆ ಸರಿಯೆನಿಸುತ್ತದೆ. ದಂಡೆಯದನ್ನು ಮೊದಲಿಗೆ ಇಟ್ಟುಕೊಳ್ಳಿ. ಮದುವೆಯ ನಿದ್ದೆಗೇಡಿನಿಂದ ಬಂದವರಿಗೆ ಮರದ ನೆರಳು ಬೇಕಾಗುತ್ತದೆ. ನೀರಿನ ವಿಲ್ಲಾದಲ್ಲಿ ಹಗಲಿನ ಬಿಸಿಲಿಗೆ ಮರೆ ಕಡಿಮೆ, ಗಾಳಿಯ ದಿನಗಳಲ್ಲಿ ರಾತ್ರಿಯಿಡೀ ಅಲೆ ಕಂಬಕ್ಕೆ ಬಡಿಯುವ ಸದ್ದು.

ಸಸ್ಯಾಹಾರಿಗಳು ‘ವೆಜ್’ ಎಂದಷ್ಟೇ ಬರೆದರೆ ಸಾಲದು. ಮಾಲ್ಡೀವ್ಸ್‌ನ ಅಡುಗೆ ಮೀನಿನ ಮೇಲೆ ನಿಂತಿದೆ. ತೆಂಗಿನತುರಿಯ ಪಲ್ಯದಂತೆ ಕಾಣುವ ಮಾಸ್ ಹುನಿಯಲ್ಲಿ ಟ್ಯೂನಾ ಇರುತ್ತದೆ. ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡವೆಂದು ಬಿಡಿಸಿ ಬರೆದು ಮುಂಚೆಯೇ ಕಳಿಸಿದರೆ ದೊಡ್ಡ ರೆಸಾರ್ಟುಗಳು ಅಚ್ಚುಕಟ್ಟಾಗಿ ಏರ್ಪಾಡು ಮಾಡುತ್ತವೆ. ಮನೆಯಿಂದ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಹತ್ತಿಪ್ಪತ್ತು ಸಜ್ಜೆ ರೊಟ್ಟಿ ಒಯ್ಯುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಆದರೆ ನಮ್ಮೂರಿನ ಒಣಹವೆಯಲ್ಲಿ ತಿಂಗಳುಗಟ್ಟಲೆ ಗರಿಗರಿಯಾಗಿರುವ ರೊಟ್ಟಿ ಕಡಲ ಗಾಳಿಗೆ ಒಂದೇ ರಾತ್ರಿಯಲ್ಲಿ ಮೆತ್ತಗಾಗುತ್ತದೆ. ಎರಡೆರಡರಂತೆ ಗಾಳಿಯಾಡದ ಪೊಟ್ಟಣ ಕಟ್ಟಿ, ತಿನ್ನುವ ಹೊತ್ತಿಗಷ್ಟೇ ಒಂದನ್ನು ಬಿಚ್ಚಬೇಕು.

ಮಾಲ್ಡೀವ್ಸ್ ಮುಸ್ಲಿಂ ದೇಶ. ಮದ್ಯ, ಹಂದಿಮಾಂಸ ಮತ್ತು ಪೂಜೆಯ ವಿಗ್ರಹಗಳನ್ನು ಒಳಗೆ ತರುವಂತಿಲ್ಲ. ಬ್ಯಾಗಿನಲ್ಲಿ ಅತ್ತೆಯವರು ಇಟ್ಟುಕೊಟ್ಟ ಸಣ್ಣ ಬೆಳ್ಳಿ ಮೂರ್ತಿಯಿದ್ದರೆ ಅದನ್ನು ಊರಲ್ಲೇ ದೇವರ ಜಗುಲಿಯ ಮೇಲೆ ಬಿಟ್ಟು ಬರಬೇಕು. ಚಿನ್ನದ ವಿಷಯದಲ್ಲಿಯೂ ಅದೇ ಮಾತು: ತಾಳಿ, ಉಂಗುರದಷ್ಟರ ಹೊರತು ಮಿಕ್ಕಿದ್ದನ್ನು ಲಾಕರಿನಲ್ಲಿಡಿ. ಒಯ್ಯಲೇಬೇಕೆಂದರೆ ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ತೋರಿಸಿ ಪ್ರಮಾಣಪತ್ರ ಪಡೆದರೆ, ಮರಳುವಾಗ ಅದು ಹೊಸದಾಗಿ ಕೊಂಡದ್ದೆಂಬ ಪ್ರಶ್ನೆ ಏಳುವುದಿಲ್ಲ. ಮಾಲ್ಡೀವ್ಸ್‌ನಲ್ಲಿ ಗೋಡೆಯ ಸಾಕೆಟ್ಟುಗಳು ಹೆಚ್ಚಾಗಿ ಮೂರು ಚಪ್ಪಟೆ ಕಡ್ಡಿಯ ಬ್ರಿಟಿಷ್ ಮಾದರಿಯವು; ಅಡಾಪ್ಟರ್ ಒಂದು ಇರಲಿ.

ಬಿಸಿಲು, ನೀರು, ಮರಳುವ ದಿನ

ಬಳ್ಳಾರಿಯ ಬೇಸಿಗೆ ಕಂಡವರಿಗೆ ದ್ವೀಪದ ಮೂವತ್ತು ಡಿಗ್ರಿ ಲೆಕ್ಕಕ್ಕೇ ಇಲ್ಲವೆನಿಸುತ್ತದೆ, ಮೋಸಹೋಗುವುದು ಅಲ್ಲೇ. ನಾವು ಬಿಸಿಲಿನಿಂದ ಮರೆಯಾಗಿ ಬದುಕುವವರು. ಅಲ್ಲಿ ಬರಿಮೈಯಲ್ಲಿ ನೀರಿನಲ್ಲಿರುತ್ತೇವೆ, ಬಿಳಿ ಮರಳೂ ನೀರೂ ಬೆಳಕನ್ನು ಎತ್ತಿ ಎಸೆಯುತ್ತವೆ, ಗಾಳಿ ತಂಪಾಗಿರುವುದರಿಂದ ಉರಿ ತಿಳಿಯುವುದು ಸಂಜೆಗೆ. ಸ್ನಾರ್ಕೆಲಿಂಗ್ ಮಾಡುವಾಗ ಬೆನ್ನು ಮುಚ್ಚುವ ತುಂಬುತೋಳಿನ ಈಜುಡುಗೆ ತೊಡುವುದು ಎಲ್ಲ ಕ್ರೀಮುಗಳಿಗಿಂತ ಉತ್ತಮ.

ಕಾಲುವೆಯಲ್ಲೋ ಬಾವಿಯಲ್ಲೋ ಈಜು ಕಲಿತವರು ಕಡಲಿನ ಸೆಳೆತವನ್ನು ಹಗುರವಾಗಿ ಕಾಣಬಾರದು. ಹವಳದ ದಿಬ್ಬದ ಒಳಗಿನ ಆಳವಿಲ್ಲದ ಲಗೂನಿನಲ್ಲೇ ಉಳಿಯಿರಿ, ದಿಬ್ಬದ ಅಂಚಿಗೆ ಮಾರ್ಗದರ್ಶಕರೊಂದಿಗೆ ಮಾತ್ರ ಹೋಗಿ. ಇಬ್ಬರಲ್ಲಿ ಒಬ್ಬರಿಗೆ ಈಜು ಬರದಿದ್ದರೆ ಕಾಯ್ದಿರಿಸುವಾಗಲೇ ಲಗೂನಿನ ಆಳ ವಿಚಾರಿಸಿ. ಕೆಲವು ನೀರಿನ ವಿಲ್ಲಾಗಳ ಮೆಟ್ಟಿಲು ನೇರವಾಗಿ ಆಳಕ್ಕೇ ಇಳಿಯುತ್ತದೆ. ಸ್ಕೂಬಾ ಮಾಡುವುದಾದರೆ ಪ್ರವಾಸದ ಮೊದಲರ್ಧದಲ್ಲೇ ಮುಗಿಸಿ. ನೀರಿನಾಳದ ಒತ್ತಡದಲ್ಲಿ ರಕ್ತಕ್ಕೆ ಸೇರಿದ ನೈಟ್ರೋಜನ್ ನಿಧಾನವಾಗಿ ಹೊರಬೀಳಬೇಕಾದ್ದರಿಂದ ಕೊನೆಯ ಡೈವ್ ಮತ್ತು ವಿಮಾನದ ನಡುವೆ ಕನಿಷ್ಠ 18 ಗಂಟೆಯ ಅಂತರವಿರಲಿ. ಸೀಪ್ಲೇನ್ ಕೂಡ ವಿಮಾನವೇ.

ಕೆಲವು ರೆಸಾರ್ಟುಗಳು ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಗಲೆಂದು ತಮ್ಮ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದಿಟ್ಟಿರುತ್ತವೆ. ಮಾಲೆಯ ವೇಳೆ ನಮ್ಮದಕ್ಕಿಂತ ಅರ್ಧ ಗಂಟೆ ಹಿಂದೆ. ಹೊರಡುವ ದಿನ ಯಾವ ವೇಳೆಯನ್ನು ಹೇಳುತ್ತಿದ್ದಾರೆಂದು ಸ್ವಾಗತ ಮೇಜಿನಲ್ಲಿ ಕೇಳಿ ಬರೆದುಕೊಳ್ಳಿ. ದಡದಲ್ಲಿ ಸಿಕ್ಕ ಹವಳದ ತುಂಡು, ದೊಡ್ಡ ಚಿಪ್ಪುಗಳನ್ನು ಚೀಲಕ್ಕೆ ಹಾಕಬೇಡಿ: ಮಾಲ್ಡೀವ್ಸ್‌ನಿಂದ ಹವಳ ಒಯ್ಯುವುದು ಅಪರಾಧ, ಅಂಡಮಾನಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹವಳವನ್ನೂ ಹಲವು ಬಗೆಯ ಶಂಖಗಳನ್ನೂ ಕಾಯುತ್ತದೆ. ಸೀಶೆಲ್ಸ್‌ನ ಜೋಡಿ ತೆಂಗಿನಕಾಯಿಯನ್ನು ಕೊಂಡವರು ಅದರೊಂದಿಗೆ ಕೊಡುವ ಪ್ರಮಾಣಪತ್ರವನ್ನು ಕಾಯಿಯ ಜೊತೆಗೇ ಇಟ್ಟುಕೊಳ್ಳಬೇಕು. ಅದಿಲ್ಲದೆ ನಿಲ್ದಾಣದಲ್ಲಿ ಕಾಯಿ ಅಲ್ಲೇ ಉಳಿಯುತ್ತದೆ.